ಒಂದೇ ಎತ್ತರದ ಎರಡು ಕುರ್ಚಿ

ಏಳು ವರ್ಷದ ಹಿಂದಿನ ಮಾತು. ಚನ್ನಗಿರಿಯಲ್ಲಿ ಬೆಳೆಗಾರರ ಸಣ್ಣ ಸಂಘವೊಂದಕ್ಕೆ ನಾನು ತೋಟಗಾರಿಕೆ ಸಲಹೆಗಾರ. ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕಿ, ಜಗಳೂರು ಕಡೆಯ ಒಣ ಹೊಲದವರೂ ಸಸಿ ಕೇಳಿಕೊಂಡು ಬರುತ್ತಿದ್ದ ಕಾಲ.

ಹಾಗೆ ಬಂದವರಲ್ಲಿ ಗಂಗಮ್ಮ ಒಬ್ಬರು. ಅತ್ತೆ ನೆಟ್ಟಿದ್ದ ಹನ್ನೊಂದು ಹುಣಸೆಮರ ಕಡಿಸಿ ಅಡಿಕೆ ಹಾಕಬೇಕೋ ಬೇಡವೋ ಎಂಬುದು ಅವರ ಪ್ರಶ್ನೆ. ಇಂಥದ್ದೇ ಪ್ರಶ್ನೆ ಹಲವರದಿತ್ತು. ಸಭೆ ಕರೆದೆ.

ನಮ್ಮಜ್ಜ ಊರ ಕಟ್ಟೆಯ ಮೇಲೆ ಕೂತು ನ್ಯಾಯ ಹೇಳುತ್ತಿದ್ದವರು. "ಕಿವಿ ಎರಡು ಕೊಟ್ಟಿರಾದು ಎರಡು ಕಡೆಯೋರಿಗೆ ಕಣಪ್ಪ" ಎನ್ನುತ್ತಿದ್ದರು. ಅದು ನನಗೆ ಮೈಗೂಡಿತ್ತು. ವೇದಿಕೆಯಲ್ಲಿ ಒಂದೇ ಎತ್ತರದ ಎರಡು ಕುರ್ಚಿ ಹಾಕಿಸಿದೆ. ಒಂದರಲ್ಲಿ ಹವಾಮಾನ ವಿಜ್ಞಾನಿ ಮೇಡಂ, ಇನ್ನೊಂದರಲ್ಲಿ ಸಸಿ ಮಾರುವ ರುದ್ರಪ್ಪ. ಗಡಿಯಾರ ನೋಡಿ ಇಬ್ಬರಿಗೂ ಇಪ್ಪತ್ತಿಪ್ಪತ್ತು ನಿಮಿಷ ಕೊಟ್ಟೆ.

ಕಲ್ಲಿದ್ದಲು, ಡೀಸೆಲ್ ಸುಟ್ಟು ಮನುಷ್ಯರೇ ಭೂಮಿಯನ್ನು ಬಿಸಿ ಮಾಡುತ್ತಿದ್ದಾರೆ, ಅಳೆದು ನೋಡಿದ ವಿಜ್ಞಾನಿಗಳಲ್ಲಿ ಇದರ ಬಗ್ಗೆ ಜಗಳವಿಲ್ಲ ಎಂದು ಮೇಡಂ ನಿಧಾನವಾಗಿ ವಿವರಿಸಿದರು. ಯಾವ ವರ್ಷ ಎಷ್ಟು ಮಳೆ ಎಂದು ಹೇಳಲಾರೆ, ಆದರೆ ಸುಡುವ ಬೇಸಿಗೆಗಳು ಹೆಚ್ಚುತ್ತವೆ, ಜಗಳೂರಿನಲ್ಲಿ ಅಡಿಕೆ ನೆಚ್ಚಬೇಡಿ ಎಂದರು.

ರುದ್ರಪ್ಪ ಎದ್ದ. "ನಮ್ ಮುತ್ತಜ್ಜನ ಕಾಲದಾಗೂ ಬಿಸಿಲು ಬಿಸೀನೇ ಇತ್ರೀ ಮೇಡಂ. ಆಗ ಯಾರು ಕಾರು ಓಡಿಸ್ತಿದ್ರು?"

ಸಭೆ ನಕ್ಕಿತು. ನಾನೂ ನಕ್ಕೆ.

ಮುಗಿದ ಮೇಲೆ ಗಂಗಮ್ಮ ಹತ್ತಿರ ಬಂದರು. "ಒಬ್ರು ಹೌದಂತಾರೆ, ಒಬ್ರು ಇಲ್ಲಂತಾರೆ. ನೀವ್ ಹೇಳ್ರಿ ಸಾರ್, ಯಾರ್ದು ನಿಜ?"

ನನಗೆ ಉತ್ತರ ಗೊತ್ತಿತ್ತು. ಆದರೂ ಮಧ್ಯಸ್ಥನ ಗತ್ತು ಬಿಡಲಿಲ್ಲ. "ಎರಡೂ ಕಡೆ ಕೇಳಿದೀರಲ್ಲಮ್ಮ, ನೀವೇ ತೂಗಿ ನೋಡ್ರಿ" ಎಂದುಬಿಟ್ಟೆ.

ಹುಣಸೆಮರಗಳು ಉರುಳಿದವು.

ಮೂರನೆಯ ಬೇಸಿಗೆಯಲ್ಲಿ ಆ ಹೊಲಕ್ಕೆ ಹೋದೆ. ಬೋರಿನಲ್ಲಿ ಇನ್ನೂ ನೀರಿತ್ತು. ಆದರೂ ಝಳಕ್ಕೆ ಸಸಿಗಳ ಗರಿ ಸುಟ್ಟು ಜೋತುಬಿದ್ದಿದ್ದವು. ನಿಲ್ಲಲು ನೆರಳಿಲ್ಲದೆ ನನ್ನ ಕಾರಿನ ಮಗ್ಗುಲಲ್ಲೇ ನಿಂತು ಮಾತಾಡಿದೆವು. ಗಂಗಮ್ಮ ಬಯ್ಯಲಿಲ್ಲ. ಮಜ್ಜಿಗೆ ಕೊಟ್ಟರು.

"ನೀವು ಪಂಚಾಯ್ತಿ ಮಾಡಿದ್ರಿ ಸಾರ್. ಬದುವಿನ ಜಗಳಕ್ಕೆ ಎರಡು ಕಡೆ ಇರ್ತಾವೆ. ಬಿಸಿಲಿಗೆ ಎಲ್ಲೈತೆ?"

ಅಜ್ಜನ ಮುಂದೆ ಬರುತ್ತಿದ್ದವರು ತಂತಮ್ಮ ಬದುವನ್ನು ಬಲ್ಲವರು. ನಾನೋ, ಅಳೆದವರನ್ನೂ ಅಳೆಯದವನನ್ನೂ ಸಮಕ್ಕೆ ಕೂರಿಸಿ ಅದನ್ನೇ ನ್ಯಾಯವೆಂದುಕೊಂಡೆ. ತನಗೆ ಗೊತ್ತಿರುವುದನ್ನು ಕೇಳಿದವರ ಮುಂದೆ ಗೊತ್ತಿದೆ ಎಂದು ಹೇಳುವುದೂ ಸಲಹೆಗಾರನ ಕೆಲಸವೇ ಎಂದು ಕಲಿಯುವಷ್ಟರಲ್ಲಿ ತಡವಾಗಿತ್ತು. ಅಂದು ರುದ್ರಪ್ಪನಿಗೆ ಪೂರಾ ಇಪ್ಪತ್ತು ನಿಮಿಷ ಕೊಟ್ಟ ನಾನು, ಆ ಹನ್ನೊಂದು ಮರಗಳಿಗಾಗಿ ಒಂದು ಮಾತೂ ಆಡಲಿಲ್ಲ.