ಎಂಟು ಗಂಟೆ ಎಂಬತ್ತು ನಿಮಿಷದ ಇಳಿತ

2006ರ ಮೇ ತಿಂಗಳ ಕೊನೆಯ ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಅಂಕೋಲೆಯ ಒಂದು ಪ್ರಾಥಮಿಕ ಶಾಲೆಯ ಜಗಲಿ. ಇದ್ದವರು ನಾನು, ನನ್ನ ಮಗಳು ಮತ್ತು ಅವಳ ಮಗಳು. ರಜೆ ಇನ್ನೂ ಮುಗಿಯದ ಕಾರಣ ಬೇರೆ ಮಕ್ಕಳಿರಲಿಲ್ಲ. ಶಾಲೆಯ ಮುಖ್ಯಸ್ಥೆ, ನಮ್ಮ ಕಡೆಯ ರೂಢಿಯಲ್ಲಿ ಹೆಡ್ ಅಕ್ಕೋರು, ಬಾಗಿಲಿಗೆ ಬಂದು ಮೊಮ್ಮಗಳನ್ನು ಕರೆದರು. ಅವಳು ಪೆನ್ಸಿಲ್ ಡಬ್ಬಿಯನ್ನು ಎದೆಗವಚಿಕೊಂಡು ಒಳಗೆ ಹೋದಳು. ನಾವಿಬ್ಬರು ಬೆಂಚಿನ ಮೇಲೆ ಕೂತೆವು.

ಆ ದಿನ ತೀರ್ಮಾನವಾಗಬೇಕಾಗಿದ್ದುದು ಒಂದೇ. ಮೊಮ್ಮಗಳು ಜೂನಿನಲ್ಲಿ ನಾಲ್ಕನೆಯ ತರಗತಿಗೆ ಹೋಗುವಳೋ, ಇನ್ನೊಂದು ವರ್ಷ ಮೂರನೆಯದರಲ್ಲೇ ಕೂರುವಳೋ ಎಂಬುದು. ಅಳಿಯನಿಗೆ ಅಂಕೋಲೆಗೆ ವರ್ಗವಾಗಿತ್ತು. ಅದೇ ವರ್ಷ ಹುಡುಗಿಗೆ ಕಾಮಾಲೆಯಾಗಿ ತಿಂಗಳುಗಟ್ಟಲೆ ಶಾಲೆ ತಪ್ಪಿತ್ತು. ಏಪ್ರಿಲ್‌ನಲ್ಲಿ ಹೊಸ ಶಾಲೆಗೆ ಸೇರಿಸಲು ಕರೆದೊಯ್ದಾಗ ಅಕ್ಕೋರು ಓದಿಸಿದರು, ಬರೆಸಿದರು, ಕೊನೆಗೆ ಲೆಕ್ಕ ಕೊಟ್ಟರು. ಓದು ಚೆನ್ನಾಗಿತ್ತು, ಮಗ್ಗಿಯೂ ಇತ್ತು. ಆದರೆ ಗಂಟೆ, ನಿಮಿಷ, ಡಜನ್ ಬಂದಲ್ಲೆಲ್ಲ ಮುಗ್ಗರಿಸಿದಳು. ಎಲ್ಲವನ್ನೂ ನೂರರ ಲೆಕ್ಕದಲ್ಲೇ ಕೂಡುತ್ತಿದ್ದಳು. ಆಗಲೇ 'ಆಗುವುದಿಲ್ಲ' ಎಂದುಬಿಡಬಹುದಾಗಿದ್ದ ಆ ಅಕ್ಕೋರು ಹಾಗನ್ನಲಿಲ್ಲ. "ರಜೆಯಲ್ಲಿ ಕಲಿಸಿ. ಮೇ ಕೊನೆಗೆ ಮತ್ತೊಮ್ಮೆ ನೋಡ್ತೇನೆ" ಎಂದರು. ಆ ಒಂದು ಅವಕಾಶಕ್ಕೆ ನಾನು ಇಂದಿಗೂ ಕೃತಜ್ಞಳು.

ಮಗಳು ಹುಡುಗಿಯನ್ನೂ ಅವಳ ಬಟ್ಟೆಯ ಚೀಲವನ್ನೂ ಹಣಕೋಣದ ನಮ್ಮ ಮನೆಗೆ ತಂದುಬಿಟ್ಟಳು. "ಅಮ್ಮಾ, ನಿನ್ನ ಶಿಸ್ತಿಗೆ ನಾವೆಲ್ಲ ಅತ್ತವರೇ. ಈ ಸಲ ಅದೇ ಬೇಕಾಗ್ಯದೆ" ಎಂದಳು. ಹೊಗಳಿಕೆಯೋ ಚುಚ್ಚುಮಾತೋ ವಿಚಾರಿಸಲು ಹೋಗಲಿಲ್ಲ.

ನಾನು ನಿವೃತ್ತಳಾಗುವ ತನಕ ಸರ್ಕಾರಿ ಆಸ್ಪತ್ರೆಯಲ್ಲಿ ದಾದಿಯಾಗಿದ್ದವಳು. ಚಾದರ ಬದಲಿಸಲು ಒಂದು ಹೊತ್ತು, ಜ್ವರ ನೋಡಲು ಒಂದು ಹೊತ್ತು, ಔಷಧಿಗೆ ಒಂದು ಹೊತ್ತು. ಮನೆಗೆ ಬಂದ ಮೇಲೂ ಆ ಕ್ರಮ ನನ್ನನ್ನು ಬಿಡಲಿಲ್ಲ, ನಾನೂ ಅದನ್ನು ಬಿಡಲಿಲ್ಲ. ಮೊಮ್ಮಗಳಿಗೂ ಹಾಗೆಯೇ ಮಾಡಿದೆ. ಏಳಕ್ಕೆ ಮಗ್ಗಿ, ಆಮೇಲೆ ಲೆಕ್ಕ, ಆಮೇಲೆ ಗಂಜಿ. ಅವಳು ಮರುಮಾತಿಲ್ಲದೆ ಕೂರುತ್ತಿದ್ದಳು. ತಪ್ಪು ಮಾತ್ರ ಅದೇ ತಪ್ಪು. ತಿದ್ದಿದರೆ ಆ ಲೆಕ್ಕ ಸರಿಹೋಗುತ್ತಿತ್ತು, ಮರುದಿನ ಇನ್ನೊಂದರಲ್ಲಿ ಮತ್ತೆ ಅದೇ. ಒಂದು ಮಧ್ಯಾಹ್ನ ಚಾಪೆಯ ಮೇಲೆ ಮಲಗಿದ್ದವಳು ಕೇಳಿದಳು:

"ಅಜ್ಜೀ, ಉದ್ದ ಇದ್ದವ್ರನ್ನ ಹಿಂದಿನ ಬೆಂಚಿಗೆ ಕೂರಿಸ್ತಾರೆ ಅಲ್ವಾ?"

"ಹೌದು, ಎಂತಕ್ಕೆ?"

"ಮೂರನೇತ್ತೆಲಿ ಮತ್ತೆ ಕೂತ್ರೆ ನಾನೇ ಎಲ್ಲರಿಗಿಂತ ಉದ್ದ. ಎಲ್ಲಾ ತಿರುಗಿ ತಿರುಗಿ ನೋಡ್ತಾರೆ."

ನಾನು ಅವಳ ತಲೆ ಸವರಿ, ಮಲಗು ಎಂದೆ. ನನಗೆ ನಿದ್ದೆ ಬರಲಿಲ್ಲ.

ನಮ್ಮ ಮನೆಯ ಹಿಂದೆ ಸ್ವಲ್ಪ ದೂರದಲ್ಲೇ ಕಾಳಿ ಹೊಳೆ. ಸಮುದ್ರ ಹತ್ತಿರವಾದ್ದರಿಂದ ಹೊಳೆಗೂ ಭರತಿ, ಇಳಿತಗಳುಂಟು. ನೀರು ಇಳಿದಾಗ ತಳದ ಮರಳು ತೆರೆದುಕೊಳ್ಳುತ್ತದೆ. ಅದರಲ್ಲಿ ಹುದುಗಿರುವ ಚಿಪ್ಪುಗಳನ್ನು, ನಾವು ಬಳಚು ಎನ್ನುವುದನ್ನು, ಹೆಂಗಸರು ಕೈಯಿಂದ ಕೆದಕಿ ಬುಟ್ಟಿಗೆ ಹಾಕುತ್ತಾರೆ. ಬೇಲಿಯಾಚೆಯ ಮನೆಯಾಕೆ ಮೀನುಗಾರ ಮನೆತನದವಳು, ಬೇಸಿಗೆಯಲ್ಲಿ ತಪ್ಪದೆ ಹೋಗುವವಳು. ನನಗಿಂತ ಚಿಕ್ಕವಳಾದರೂ ನನ್ನನ್ನು ಗೇಲಿ ಮಾಡಲು ಅವಳಿಗೆ ಯಾವ ಸಂಕೋಚವೂ ಇರಲಿಲ್ಲ. ಒಂದು ಬೆಳಿಗ್ಗೆ ನಾವು ಏಳರ ಪಾಠಕ್ಕೆ ಕೂತಾಗ ಬುಟ್ಟಿ ಹಿಡಿದು ಬೇಲಿಯ ಬಳಿ ನಿಂತಳು.

"ಅಕ್ಕಾ, ಹುಡುಗಿನ ಒಂದಿನ ಕಳ್ಸೇ. ಮುಖ ನೋಡು, ಉಪ್ಪಿಗೆ ಹಾಕಿದ ಮಾವಿನಮಿಡಿ ಹಾಂಗೆ ಆಗ್ಯದೆ."

"ಏಳಕ್ಕೆ ಪಾಠ ಅದೆ."

"ಪಾಠ ಆಮೇಲೆ ಮಾಡು. ಸಿಸ್ಟರ್‌ಬಾಯಿ ಪಾಠ ಮುಗೀಲಿ, ಆಮೇಲೆ ಇಳಿ ಅಂತ ಹೊಳೆಗೆ ಹೇಳೂಕೆ ಬರ್ತದನೇ?"

ಮೊಮ್ಮಗಳು ಕಿಸಕ್ಕನೆ ನಕ್ಕಳು. ಬಂದ ಮೇಲೆ ಅವಳು ಹಾಗೆ ನಕ್ಕಿದ್ದು ಅದೇ ಮೊದಲು. "ನಾಳೆ ಎಷ್ಟೊತ್ತಿಗೆ ಇಳೀತದೆ?" ಎಂದು ಕೇಳಿದಳು. "ಇವತ್ತಿಗಿಂತ ಮುಕ್ಕಾಲು ತಾಸು, ಅದರ ಮೇಲೆ ಚೂರು. ದಿನಾ ಹಾಂಗೇ ಮುಂದೆ ಹೋಗ್ತದೆ" ಎಂದು ಆಕೆ ನಡೆದಳು.

ಆ ಮಾತು ನನ್ನ ತಲೆಯಲ್ಲಿ ಕೂತಿತು. ದಿನಾ ಮುಂದೆ ಹೋಗುವುದೆಂದರೆ ದಿನಾ ಒಂದು ಗಂಟೆ-ನಿಮಿಷದ ಲೆಕ್ಕ. ಮರುದಿನ ಮೊಮ್ಮಗಳನ್ನು ನಾನೇ ಹೊಳೆಗೆ ಕರೆದೊಯ್ದೆ, ಕೈಗಡಿಯಾರ ಕಟ್ಟಿಕೊಂಡು. ಸುಮಾರು ಐವತ್ತು ನಿಮಿಷದ ಅಂತರ ಎಂದು ಇಬ್ಬರೂ ಸೇರಿ ಗೊತ್ತುಮಾಡಿಕೊಂಡೆವು. ಆ ದಿನ ನೀರು ಪೂರ್ತಿ ಇಳಿದಾಗ ಎಂಟೂವರೆ. ಮನೆಗೆ ಬಂದ ಮೇಲೆ, "ಹಾಗಾದ್ರೆ ನಾಳೆ?" ಎಂದೆ.

ಅವಳು ಸ್ಲೇಟಿನ ಮೇಲೆ ಮೂವತ್ತಕ್ಕೆ ಐವತ್ತು ಕೂಡಿದಳು. ಎಂಬತ್ತು. ಎಂಟು ಗಂಟೆ ಎಂಬತ್ತು ನಿಮಿಷ. ಗಡಿಯಾರದಲ್ಲಿ ಎಂಬತ್ತು ಇಲ್ಲವೆಂದು ಅವಳಿಗೂ ಗೊತ್ತು. ಸ್ವಲ್ಪ ಯೋಚಿಸಿದಳು. ನೂರಕ್ಕೆ ಇಪ್ಪತ್ತು ಕಡಿಮೆ, ಆದ್ದರಿಂದ ಒಂಬತ್ತಕ್ಕೆ ಇಪ್ಪತ್ತು ನಿಮಿಷ ಇರುವಾಗ ಎಂದು ಉತ್ತರ ಬರೆದಳು. ಎಷ್ಟು ಅಚ್ಚುಕಟ್ಟಾದ ತಪ್ಪು! ತಿದ್ದಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಬೇಲಿಗೆ ಓಡಿ, "ನಾಳೆ ಒಂಬತ್ತಕ್ಕೆ ಇಪ್ಪತ್ತು ಇರೂವಾಗ ಇಳಿತ! ನಾನೇ ಲೆಕ್ಕ ಮಾಡಿದ್ದು!" ಎಂದು ಕೂಗಿದಳು. ನೆರೆಮನೆಯಾಕೆ ನನ್ನ ಮುಖ ನೋಡಿದಳು. ನಾನು ಸುಮ್ಮನಿದ್ದೆ. "ಆಯ್ತೇ ತಂಗಿ, ಅಷ್ಟೊತ್ತಿಗೇ ಬತ್ತೆ" ಎಂದಳು ಆಕೆ.

ಮರುದಿನ ಹೇಳಿದ ಹೊತ್ತಿಗೆ ನಾವು ಹೋದಾಗ ಆಕೆ ಆಗಲೇ ಹೊಳೆಯಲ್ಲಿದ್ದಳು. ಸೀರೆ ಎತ್ತಿ ಕಟ್ಟಿ, ಮೊಣಕಾಲು ಮೀರಿದ ನೀರಿನಲ್ಲಿ, ಬುಟ್ಟಿಯನ್ನು ತಲೆಯ ಮೇಲೆ ಕವುಚಿಕೊಂಡು ನಿಂತಿದ್ದಳು. ಮರಳಿನ ಸುಳಿವೇ ಇರಲಿಲ್ಲ.

"ನೀರು ಇನ್ನೂ ಅದೆ!" ಎಂದಳು ಮೊಮ್ಮಗಳು.

"ನೀ ಹೇಳಿದ ತಾಸಿಗೆ ನಾ ಬಂದೆ. ಹೊಳೆ ಕೇಳಲಿಲ್ಲ, ನಾ ಎಂತ ಮಾಡ್ಲಿ?"

ಹುಡುಗಿಯ ಮುಖ ಕೆಂಪಾಯಿತು. ಅಳುವಳೇನೋ ಎಂದುಕೊಂಡೆ. ಅಳಲಿಲ್ಲ. "ಅಜ್ಜೀ, ಗಡಿಯಾರ ಕೊಡು" ಎಂದು ಕೈ ಚಾಚಿದಳು. ದಂಡೆಯ ಕಲ್ಲಿನ ಮೇಲೆ ಕೂತು, ನಿನ್ನೆಯ ಎಂಟೂವರೆಯ ಮೇಲೆ ಬೆರಳಿಟ್ಟು ಐದೈದಾಗಿ ಎಣಿಸುತ್ತ ಹೋದಳು. ಬೆರಳು ಹನ್ನೆರಡನ್ನು ಮುಟ್ಟಿದಾಗ ಮೂವತ್ತಾಗಿತ್ತು. ಅಲ್ಲಿ ನಿಂತಳು. ಮತ್ತೆ ಮೊದಲಿನಿಂದ ಎಣಿಸಿದಳು, ಮತ್ತೆ ಅಲ್ಲೇ ನಿಂತಳು.

"ಇಲ್ಲೇ ಒಂಬತ್ತು ಆಗಿಹೋಯ್ತು! ಇನ್ನೂ ಇಪ್ಪತ್ತು ಉಳೀತು. ಒಂಬತ್ತು ಇಪ್ಪತ್ತಕ್ಕೆ ಇಳಿತ. ಅಜ್ಜೀ, ಇದ್ರಲ್ಲಿ ನೂರು ಇಲ್ಲವೇ ಇಲ್ಲ. ಅರವತ್ತಕ್ಕೇ ಕೈಲಿ ಒಂದು!"

"ಅಂದ್ರೆ ಇನ್ನೂ ಎಷ್ಟೊತ್ತು ನಾ ಕೊಕ್ಕರೆ ಹಾಂಗೆ ನಿಲ್ಬೇಕೇ?" ಎಂದು ಹೊಳೆಯಿಂದ ಪ್ರಶ್ನೆ ಬಂತು.

"ನಲವತ್ತು ನಿಮಿಷ!" ಎಂದಳು. ಆ ಕಳೆಯುವ ಲೆಕ್ಕವನ್ನು ಅವಳು ಸ್ಲೇಟಿಲ್ಲದೆ ಮಾಡಿದ್ದಳು. ಆಕೆ ದಂಡೆಗೆ ಬಂದು ನಮ್ಮ ಪಕ್ಕ ಕೂತಳು. ಮೂವರೂ ಕಾದೆವು. ನೀರು ಮೆಲ್ಲನೆ ಇಳಿಯಿತು, ಮರಳು ಕಂಡಿತು, ಮೊಮ್ಮಗಳು ಲಂಗ ಎತ್ತಿಕೊಂಡು ಓಡಿದಳು.

ಸಂಜೆ ಬೇಲಿಯ ಬಳಿ ಕೇಳಿದೆ, "ನಿಂಗೆ ಗೊತ್ತಿತ್ತಲ್ಲ ಮಾರಾಯ್ತಿ, ಅಷ್ಟು ಬೇಗ ಎಂತಕ್ಕೆ ಹೋದೆ?"

"ಹುಡುಗಿ ಅಷ್ಟು ಬಾಯ್ತುಂಬಾ ಹೇಳ್ತು. ಯಾರೂ ಹೋಗದಿದ್ರೆ ತಪ್ಪಾಗ್ಯದೆ ಅಂತ ಅದಕ್ಕೆ ಕಾಣೂದು ಹೆಂಗೆ? ನೀನೂ ಸುಮ್ನೇ ಇದ್ದೆ ಅಲ್ದಾ?"

ಮನೆಯಲ್ಲಿ ನೂರು ಕೆಲಸ ಇದ್ದವಳು ಒಂದು ಮಗುವಿಗೆ ತನ್ನ ತಪ್ಪು ತಾನೇ ಕಾಣಲೆಂದು ಬಂದು ನೀರಿನಲ್ಲಿ ನಿಂತಿದ್ದಳು.

ಅಂದಿನಿಂದ ನಮ್ಮ ಪಾಠದ ಹೊತ್ತು ಹೊಳೆಯೊಂದಿಗೆ ಸರಿಯತೊಡಗಿತು. ನನ್ನಂಥವಳಿಗೆ ಇದು ಸಣ್ಣ ಸಂಗತಿಯಲ್ಲ. ದಿನಾ ಬೇರೆ ಹೊತ್ತು, ಆದರೆ ದಿನಾ ಅವಳೇ ಲೆಕ್ಕಹಾಕಿದ ಹೊತ್ತು. ಇಳಿತ ನಡುಬಿಸಿಲಿಗೆ ಹೋದಾಗ ಕೆಲವು ದಿನ ಮನೆಯಲ್ಲೇ ಕೂತೆವು. ಬೆಳಗಿನ ಇಳಿತ ಮರಳಿ ಬಂದಾಗ ಮತ್ತೆ ದಂಡೆಗೆ. ಬಳಚುಗಳನ್ನು ಡಜನ್ ಡಜನ್ ಮಾಡಿ ಗುಡ್ಡೆ ಹಾಕುತ್ತ, ಹನ್ನೆರಡಕ್ಕೂ ಒಂದು 'ಕೈಲಿ ಒಂದು' ಉಂಟೆಂದು ತಾನೇ ಕಂಡುಕೊಂಡಳು. ನಾನು ಛತ್ರಿ ಹಿಡಿದು ಕೂತಿದ್ದೆ, ಅಷ್ಟೇ.

ಇದನ್ನೆಲ್ಲ ನೆನೆಯುತ್ತ ಶಾಲೆಯ ಬೆಂಚಿನ ಮೇಲೆ ಕೂತಿದ್ದಾಗ ಮಗಳು ಮೊಣಕೈಯಿಂದ ತಿವಿದಳು. "ಅಮ್ಮಾ, ಗಡಿಯಾರ ನೋಡೂದು ಸಾಕು. ನೋಡಿದ್ರೆ ಮುಳ್ಳು ಓಡೂದಿಲ್ಲ." ತೆರೆದ ಕಿಟಕಿಯಿಂದ ಅಕ್ಕೋರ ದನಿ ಕೇಳಿಸುತ್ತಿತ್ತು. ಬರೆಯುವುದು ಮುಗಿದು ಬಾಯಿಲೆಕ್ಕ ಶುರುವಾಗಿತ್ತು.

"ಒಂಬತ್ತು ಮುಕ್ಕಾಲಿಗೆ ಅಂಕೋಲೆಯಿಂದ ಬಸ್ಸು ಬಿಟ್ಟಿತು. ಕಾರವಾರಕ್ಕೆ ಐವತ್ತು ನಿಮಿಷ. ಎಷ್ಟೊತ್ತಿಗೆ ಮುಟ್ಟುತ್ತದೆ?"

ಮಗಳು ನನ್ನ ಕೈ ಹಿಡಿದಳು. ಆಮೇಲೆ ಮೊಮ್ಮಗಳ ದನಿ:

"ಹತ್ತು ಮೂವತ್ತೈದು. ನಡುವೆ ಎಲ್ಲೂ ನಿಲ್ಲಿಸದೆ ಇದ್ರೆ."

ಅಕ್ಕೋರು ಗಟ್ಟಿಯಾಗಿ ನಕ್ಕರು. ಸ್ವಲ್ಪ ಹೊತ್ತಿನಲ್ಲಿ ಇಬ್ಬರೂ ಹೊರಗೆ ಬಂದರು. "ಭಾಗಾಕಾರ ಒಂದು ತಪ್ಪಿದೆ, ಅದನ್ನು ನಾನು ಕಲಿಸಿಕೊಳ್ತೇನೆ. ನಾಲ್ಕನೆಯದಕ್ಕೇ ಕೂರಲಿ" ಎಂದು ನಾಲ್ಕನೆಯ ತರಗತಿಯ ಪುಸ್ತಕಗಳನ್ನು ಮೊಮ್ಮಗಳ ಕೈಗೇ ಕೊಟ್ಟರು. ನಾನು ಕೈಮುಗಿದೆ.

ಮಗಳ ಮನೆಗೆ ಬಂದು ಮೊದಲು ಹಣಕೋಣದ ನೆರೆಮನೆಗೆ ಫೋನು ಮಾಡಿದೆವು. ಆಮೇಲೆ ಊಟ. ಸಂಜೆ ಪುಸ್ತಕಗಳಿಗೆ ಖಾಕಿ ಕಾಗದದ ಹೊದಿಕೆ ಹಾಕಲು ಕೂತೆವು. ನಾನು ಮಡಿಚಿದೆ, ಮಗಳು ಕತ್ತರಿಸಿದಳು, ಮೊಮ್ಮಗಳು ಅನ್ನದ ಅಗುಳು ಒತ್ತಿ ಚೀಟಿ ಅಂಟಿಸಿದಳು. ಕೊನೆಯ ಪುಸ್ತಕದ ಚೀಟಿಯ ಮೇಲೆ ನಾಲಿಗೆ ಕಚ್ಚಿ ಹಿಡಿದು 'ನಾಲ್ಕನೆಯ ತರಗತಿ' ಎಂದು ಬರೆದಳು. ಶಾಯಿ ಒಣಗುವ ತನಕ ಕಾದು, ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿ, ಮೇಲೆ ಮಣೆಯೊಂದನ್ನು ಭಾರಕ್ಕಿಟ್ಟೆ.