ದೇಸೂರು, ಇದಲಹೊಂಡ, ಖಾನಾಪುರ

ಎಂಬತ್ತರ ದಶಕದ ಕೊನೆಗೆ ಬೆಳಗಾವಿ ಕ್ಯಾಂಪಿನ ಹಳೆಯ ಬಂಗಲೆಯೊಂದರಲ್ಲಿ ಕಂಪ್ಯೂಟರ್ ಕ್ಲಾಸು ಶುರುವಾಗಿತ್ತು. ಬಿ.ಕಾಂ. ಮುಗಿಸಿದ್ದ ನಾನು ಅನಗೋಳದಿಂದ ಸೈಕಲ್ ಮೇಲೆ ಹೋಗುತ್ತಿದ್ದೆ. ಯಂತ್ರಗಳು ಕಡಿಮೆ, ಒಂದಕ್ಕೆ ಇಬ್ಬರು; ಹುಡುಗಿಯರಿಗೆ ಹುಡುಗಿಯರೇ ಜೋಡಿ. ನನ್ನ ಜೊತೆ ಕೂತವಳು ಖಾನಾಪುರದಿಂದ ರೈಲಿನಲ್ಲಿ ಬರುತ್ತಿದ್ದ ಹುಡುಗಿ. ಅವಳ ಅಪ್ಪ ಹಂಚಿನ ಕಾರ್ಖಾನೆಯಲ್ಲಿದ್ದರು. ಮನೆಯಲ್ಲಿ ಉರ್ದು, ಓಣಿಯಲ್ಲಿ ಮರಾಠಿ, ನನ್ನೊಡನೆ ಕನ್ನಡ.

ಬಿಡಿ ಬಿಡಿ ಹೆಸರುಗಳನ್ನು ನಡುವೆ ಕಾಮಾ ಹಾಕಿ ಒಂದೇ ಸಾಲಾಗಿ ಕೂಡಿಸುವ ಪ್ರೋಗ್ರಾಂ ಬರೆಯಲು ಒಂದು ದಿನ ಸರ್ ಹೇಳಿದರು. ಅವಳು ತನ್ನ ದಾರಿಯ ಸ್ಟೇಷನ್ನುಗಳನ್ನೇ ಕೊಟ್ಟಳು. ಪ್ರತಿ ಹೆಸರಾದ ಮೇಲೂ ಕಾಮಾ ಅಂಟಿಸುತ್ತ ಹೋದೆವು. ಬೆಳಗಾವಿ, ದೇಸೂರು, ಇದಲಹೊಂಡ, ಖಾನಾಪುರ ಎಲ್ಲ ಬಂದವು. ಖಾನಾಪುರದ ಮುಂದೆಯೂ ಒಂದು ಕಾಮಾ ಉಳಿಯಿತು.

“ನಮ್ಮೂರ ಬಂದ್ರೂ ಗಾಡಿ ನಿಂದ್ರವಲ್ದು,” ಎಂದಳು.

“ಮುಂದ ಲೋಂಡಾಕ್ಕ ಹೋಗ್ಲಿ ಬಿಡ,” ಎಂದೆ.

ಸರ್ ಒಪ್ಪಲಿಲ್ಲ. ಹೆಸರಿಗಿಂತ ಮೊದಲೇ ಕಾಮಾ ಹಾಕಿ ನೋಡಿದೆವು. ಈಗ ಸಾಲು ಕಾಮಾದಿಂದಲೇ ಶುರುವಾಯಿತು.

“ಸಾಲು ಖಾಲಿ ಇದ್ದಾಗ ಹೆಸರಷ್ಟ ಹಾಕೂಣು. ಮುಂದಿನವಕ್ಕ ಮೊದ್ಲ ಕಾಮಾ, ಆಮ್ಯಾಲ ಹೆಸರು,” ಎಂದೆ.

ಅವಳು ಟೈಪ್ ಮಾಡಿದಳು. ಸಾಲು ಖಾನಾಪುರಕ್ಕೇ ಮುಗಿಯಿತು. ನನ್ನ ಮೊಣಕೈ ಹಿಡಿದು ಅಲುಗಿಸಿದಳು. ಅವತ್ತಿನಿಂದ ಸಂಜೆ ಸೈಕಲ್ ತಳ್ಳುತ್ತ ಅವಳ ಜೊತೆ ಸ್ಟೇಷನ್ ತನಕ ಹೋಗುವುದು ರೂಢಿಯಾಯಿತು.

“ಐತವಾರ ನಮ್ಮನಿಗೆ ಬಾ. ನಿನಗ ಬ್ಯಾರೆ ಗಡಗಿಯೊಳಗ ಪಲ್ಯಾ ಮಾಡಸ್ತೇನಿ,” ಎಂದಳೊಮ್ಮೆ.

ಹೋದೆ. ಅವಳ ತಾಯಿ ಹೊಸ ಗಡಿಗೆಯಲ್ಲಿ ಬೇಯಿಸಿದ ಬದನೆಕಾಯಿ ಪಲ್ಯ ಬಡಿಸುತ್ತ, “ಇಕೀ ಶಾದಿ ಠರಾವ ಆತವಾ. ಮಿರಜಿಗೆ ಕೊಡಾಕತ್ತೇವಿ, ದರ್ಗಾದ ಬಾಜೂಕ ಮನಿ ಐತಿ,” ಎಂದರು. ಅವಳು ತಲೆ ಎತ್ತಲಿಲ್ಲ.

ಹಿತ್ತಲಲ್ಲಿ ಕೈ ತೊಳೆಯುವಾಗ, “ಕ್ಲಾಸಿಗೆ?” ಎಂದು ಕೇಳಿದೆ.

“ನಾ ಬರಾಂಗಿಲ್ಲ. ನೀ ಬಿಡಬ್ಯಾಡ.”

ಬಿಡಲಿಲ್ಲ. ನನ್ನ ಪಕ್ಕಕ್ಕೆ ಸಾಂಬ್ರಾದ ಚುರುಕಿನ ಹುಡುಗಿಯೊಬ್ಬಳು ಬಂದಳು. ಟೈಪ್ ಮಾಡಲು ನನಗೆ ಬಿಡುತ್ತಲೇ ಇರಲಿಲ್ಲ. ಸಂಜೆಯಾದರೆ ಸೈಕಲ್ ಹತ್ತಿ ನೇರ ಮನೆಗೆ ಹೋಗುತ್ತಿದ್ದೆ.

ಮರುವರ್ಷ ಸಂಬಂಧಿಕರ ಮದುವೆಗೆಂದು ಮಿರಜಿಗೆ ಹೋದಾಗ, ಊಟ ಮುಗಿದೊಡನೆ ದರ್ಗಾದ ಕಡೆ ನಡೆದೆ. ಅವಳ ಗಂಡನ ಹೆಸರಾಗಲಿ, ಓಣಿಯಾಗಲಿ ಗೊತ್ತಿರಲಿಲ್ಲ. ಹೂವಿನಂಗಡಿಯ ಪಕ್ಕದ ಕಟ್ಟೆಯ ಮೇಲೆ ಕೂತು ಹೋಗಿಬರುವ ಹೆಂಗಸರನ್ನು ನೋಡುತ್ತಿದ್ದೆ. ಒಬ್ಬಳ ನಡಿಗೆ ಅವಳದೇ ಅನಿಸಿ ಎದ್ದು ನಿಂತೆ. ತಿರುಗಿದಾಗ ಬೇರೆ ಯಾರೋ.

ಯಾರು ಬೇಕಿತ್ತೆಂದು ಅಂಗಡಿಯವನು ಮರಾಠಿಯಲ್ಲಿ ಕೇಳಿದ. ನನ್ನ ಗೆಳತಿ ಇಲ್ಲೇ ಇರುತ್ತಾಳೆ ಎಂದೆ.