ಮಗಳಿಗೆ ನಾಲ್ಕು ಮಾತು

ಹದಿನೆಂಟನೆಯ ಶತಮಾನದಲ್ಲಿ, ಜಾರ್ಜ್ ದೊರೆಗಳ ಕಾಲದ ಇಂಗ್ಲೆಂಡಿನಲ್ಲಿ ನಾಟಕದವರು ಹಳೆಯ ಹಾಸ್ಯನಾಟಕಗಳನ್ನು ಎತ್ತಿಕೊಂಡು, ಮಾತು ಕತ್ತರಿಸಿ, ಹೊಸ ಹಾಡು ತುರುಕಿ ಆಡುತ್ತಿದ್ದರು. ಕುಂದಾಪುರದ ಕಾಲೇಜಿನಲ್ಲಿ ಇದನ್ನು ಪಾಠ ಮಾಡುವಾಗಲೆಲ್ಲ ನಾನು ಅವರಿಗೆ ಚೆನ್ನಾಗಿ ಬೈಯುತ್ತಿದ್ದೆ. ನಿವೃತ್ತಳಾದ ಮೇಲೆ ನಾನೂ ಅದೇ ಕೆಲಸಕ್ಕೆ ಕೈಹಾಕಿದೆ. ಹೆಮ್ಮಾಡಿಯ ಹವ್ಯಾಸಿ ತಂಡಕ್ಕಾಗಿ ಅಂಥದೊಂದು ಹಳೆಯ ನಾಟಕವನ್ನು ಕುಂದಾಪ್ರ ಕನ್ನಡಕ್ಕೆ ತಂದು ಎಂಟು ಹಾಡು ಬರೆದೆ. ಆದರೆ ಮಾತು ಕತ್ತರಿಸಲಿಲ್ಲ. ಒಂದೊಂದು ಮಾತಿಗೂ ದಿನಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ.

ಕತ್ತರಿಸುವ ಕೆಲಸವನ್ನು ತಂಡದವರೇ ಮಾಡಿದರು. ಹಾಡುಗಳನ್ನು ಅಕ್ಷರ ತಪ್ಪದೆ ಕಲಿತರು, ಮಾತಿನ ಪುಟಗಳನ್ನು ಮುಟ್ಟಲೇ ಇಲ್ಲ. ಯಕ್ಷಗಾನ ನೋಡಿ, ಕುಣಿದು ಬೆಳೆದವರು. ಅಲ್ಲಿ ಪದ್ಯವನ್ನು ಬರೆದಿಟ್ಟಿರುತ್ತಾರೆ, ಮಾತನ್ನು ವೇಷಧಾರಿ ರಂಗದ ಮೇಲೆಯೇ ಹುಟ್ಟಿಸಿಕೊಳ್ಳುತ್ತಾನೆ. ನನ್ನ ನಾಟಕಕ್ಕೂ ಅದೇ ಕಾನೂನು ಎಂದುಕೊಂಡರು. ತಂದೆಯ ಪಾತ್ರ ಮಾಡುತ್ತಿದ್ದ ಬಟ್ಟೆ ಅಂಗಡಿಯವರನ್ನು ತರಾಟೆಗೆ ತೆಗೆದುಕೊಂಡರೆ, "ಮಾತ್ ಎಂತಕೆ ಬರ್ದ್ರಿ ಟೀಚರ್ರೆ? ಪದ್ಯ ಇತ್ತಲ್ದಾ, ಮಾತ್ ನಾವೇ ಹೇಳ್ಕಂಬುದಪ್ಪ" ಎಂದರು. ನನಗೆ ಮೈಯೆಲ್ಲ ಉರಿಯಿತು.

ಬರೆದಷ್ಟನ್ನೂ ಬಾಯಿಪಾಠ ಮಾಡಿದವಳು ಒಬ್ಬಳೇ, ಮಗಳ ಪಾತ್ರದವಳು. ಬೆಳಿಗ್ಗೆ ಕುಂದಾಪುರದ ಮಾರ್ಕೆಟ್ಟಿನಲ್ಲಿ ಮೀನು ಮಾರಿ, ಮಧ್ಯಾಹ್ನದ ಬಸ್ಸು ಹಿಡಿದು ಹೆಮ್ಮಾಡಿಗೆ ಬರುತ್ತಿದ್ದಳು. ಅವಳಿಗೆ ಹಾಡು ಇರಲಿಲ್ಲ. ಕೊನೆಯ ದೃಶ್ಯದಲ್ಲಿ ಅಪ್ಪ ಅವಳನ್ನು ಬೋಟುಗಳ ಯಜಮಾನನಾದ ಮುದುಕನೊಬ್ಬನಿಗೆ ಕೊಡಲು ಹೊರಟಾಗ, ಆಗುವುದಿಲ್ಲ ಎನ್ನುವ ನಾಲ್ಕು ಮಾತಿತ್ತು. ಇಡೀ ನಾಟಕ ನಿಂತಿದ್ದೇ ಆ ನಾಲ್ಕು ಮಾತಿನ ಮೇಲೆ.

ಬೈಂದೂರಿನ ಮೊದಲ ಪ್ರದರ್ಶನದಲ್ಲಿ ಬಟ್ಟೆ ಅಂಗಡಿಯವರು ಆ ದೃಶ್ಯದಲ್ಲಿ ಕಾಲು ಗಂಟೆ ಮಾತಾಡಿದರು. ಹೆಣ್ಣಿನ ಧರ್ಮ, ತಂದೆಯ ಋಣ, ಪುರಾಣದ ಪತಿವ್ರತೆಯರು, ಯಾವುದನ್ನೂ ಬಿಡಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಮಗಳು ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಅವರು ದನಿ ಏರಿಸಿದರು. ಕಡೆಗೆ ಅವಳ ಪರವಾಗಿ ತಾವೇ ಒಪ್ಪಿಗೆ ಕೊಟ್ಟು, ಕೊನೆಯ ಹಾಡು ಎತ್ತಿಕೋ ಎಂದು ಹಾರ್ಮೋನಿಯಂನವನಿಗೆ ಸನ್ನೆ ಮಾಡಿದರು. ನಾನು ತಪ್ಪಿಸಿದ್ದ ಮದುವೆಯನ್ನು ಆ ಪುಣ್ಯಾತ್ಮ ಬೈಂದೂರಿನಲ್ಲಿ ನಡೆಸಿಯೇಬಿಟ್ಟರು! ಸಾಲದ್ದಕ್ಕೆ ಕೆಳಗಿಳಿದು ಬಂದು, "ಮದಿ ಹ್ಯಾಂಗ್ ಆಯ್ತ್ ಟೀಚರ್ರೆ?" ಎಂದು ಬೇರೆ ಕೇಳಿದರು.

ಹಾಡಾದರೆ ಯಾರೂ ಮುಟ್ಟುವುದಿಲ್ಲವಲ್ಲ ಎಂದು ನಾನು ಅವಳ ನಾಲ್ಕು ಮಾತನ್ನೂ ಹಾಡಾಗಿ ಮಾಡಿ, ಮಾರ್ಕೆಟ್ಟಿಗೇ ಕೊಂಡೊಯ್ದೆ. ಅವಳು ಓದಿ ಹಾಳೆಯನ್ನು ಹಿಂದಕ್ಕೆ ಕೊಟ್ಟಳು.

"ನಂಗ್ ಹಾಡುಕ್ ಬತ್ತಿಲ್ಲ ಟೀಚರ್ರೆ. ಮಾತಾಡುಕ್ ಬತ್ತ್."

ನಾಚಿಕೆಯಾಯಿತು. ಅಷ್ಟು ಚೆನ್ನಾಗಿ ಮಾತಾಡುವವಳಿಗೆ, ಗಂಡಸರು ಕೇಳಬೇಕಾದರೆ ಹಾಡಬೇಕು ಎಂದು ಹೇಳಲು ಹೋಗಿದ್ದೆನಲ್ಲ! ಬಟ್ಟೆ ಅಂಗಡಿಯವರ ಮೇಲಿದ್ದ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೇ ತಿರುಗಿತು.

ಬ್ರಹ್ಮಾವರದ ಪ್ರದರ್ಶನದಲ್ಲಿ, ಕೊನೆಯ ದೃಶ್ಯ ಶುರುವಾಗುತ್ತಲೇ ನಾನು ಹೋಗಿ ಹಾರ್ಮೋನಿಯಂನವನ ಪಕ್ಕ ಕುಳಿತೆ. ಮಗಳ ಮಾತು ಮುಗಿಯದೆ ಹಾಡು ಎತ್ತಿದರೆ ನನ್ನ ಎಂಟು ಹಾಡೂ ನಾಳೆಯಿಂದ ನಿಮಗಿಲ್ಲ ಎಂದು ಅವನಿಗೆ ಹೇಳಿದೆ. ನಂಬಿಕೆ ಸಾಲದೆ ಪೆಟ್ಟಿಗೆಯ ಮೇಲೆ ಕೈಯನ್ನೂ ಇಟ್ಟೆ. ಬಟ್ಟೆ ಅಂಗಡಿಯವರು ಮತ್ತೆ ಕಾಲು ಗಂಟೆ ಮಾತಾಡಿ ಸನ್ನೆ ಮಾಡಿದರು. ಹಾಡು ಬರಲಿಲ್ಲ. ಇನ್ನೊಮ್ಮೆ ಮಾಡಿದರು. ಅವರಲ್ಲಿ ಮಾತೂ ಮುಗಿದಿತ್ತು. ಬೆವರು ಒರೆಸಿಕೊಂಡರು.

ಅವಳು ಮುಂದೆ ಬಂದು ನಾಲ್ಕು ಮಾತನ್ನೂ ನಿಧಾನಕ್ಕೆ, ಮೀನಿನ ದರ ಹೇಳುವಷ್ಟು ಸಲೀಸಾಗಿ ಹೇಳಿದಳು. ಬಟ್ಟೆ ಅಂಗಡಿಯವರು ಉತ್ತರಕ್ಕೆಂದು ಬಾಯಿ ತೆರೆದರು.

"ಅಪ್ಪಯ್ಯ, ಮದಿ ಆಪುದ್ ನಾನ್. ನೀ ಒಂಚೂರ್ ಸುಮ್ನೆ ಕೂಕೊ."

ಇದನ್ನು ನಾನು ಬರೆದಿರಲಿಲ್ಲ. ಬಟ್ಟೆ ಅಂಗಡಿಯವರು ಕುಳಿತರು.